ಊನಾ ಬೂಟು ಬಿಚ್ಚುವ ತನಕ ಕಾಯುವ ಡಲ್ಸಿ

ಬೆಳಗಿನ ಐದೂಕಾಲು. ಸೂರ್ಯ ಇನ್ನೂ ಎದ್ದಿಲ್ಲ. ಸೆಖೆ ಮಾತ್ರ ಆಗಲೇ ಎದ್ದು, ಮುಖ ತೊಳೆದು, ಜಗಲಿಯ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತಿದೆ. ಭೂಮಿಯ ಈ ದಕ್ಷಿಣದ ಅರ್ಧದಲ್ಲಿ ಜನವರಿಯೇ ನಡುಬೇಸಿಗೆ, ಡಾಲ್ಟನ್ಸ್ ವೆಲ್‌ನ ಜನವರಿಯೆಂದರೆ ಹಾಗೆಯೇ. ಮಿಕ್ಕ ಊರುಗಳಿಗೆ ಬಿಸಿಲು ಸೂರ್ಯನಿಂದ ಬರುತ್ತದೆ, ಸೂರ್ಯನಿಗೆ ಬಿಸಿಲು ನಮ್ಮೂರಿನಿಂದ ಹೋಗುತ್ತದೆ. ಹಳೆಯ ಅಂಚೆ ಕಚೇರಿಯ ಹಿಂದಿನ ತಗಡು ಚಾವಣಿಯ ಮನೆಯಲ್ಲಿ ಎಪ್ಪತ್ತಾರು ವರ್ಷದ ಡಲ್ಸಿ ನೋಸ್ಕೆ ಚಹಾದ ಮಗ್ಗು ಹಿಡಿದು ಒಂದು ಮರದ ಪೆಟ್ಟಿಗೆಯ ಮುಂದೆ ಕೂತಿದ್ದಾರೆ. ಪೂಜೆಗೆ ಕೂತವರಷ್ಟೇ ನೆಟ್ಟಗೆ, ಪೂಜೆಗೆ ಕೂತವರಿಗಿಂತ ಹೆಚ್ಚು ಗಮನವಿಟ್ಟು.

ಆ ಪೆಟ್ಟಿಗೆ ಒಂದು ಕಾಲದ ನಮ್ಮೂರಿನ ಟೆಲಿಫೋನ್ ಸ್ವಿಚ್‌ಬೋರ್ಡು. ಎತ್ತರ ಒಂದಾಳು, ತೂಕ ಎರಡು ಎತ್ತು. ಅದರ ಎದೆಯ ಮೇಲೆ ಹೆಬ್ಬೆರಳಿನ ಉಗುರಿನಷ್ಟು ಅಗಲದ ಐವತ್ತು ಹಿತ್ತಾಳೆ ಮುಚ್ಚಳಗಳು, ಒಂದೊಂದರ ಕೆಳಗೂ ಒಂದೊಂದು ನಂಬರು. ಹಿಂದೆ ಯಾವುದಾದರೂ ಮನೆಯಲ್ಲಿ ಫೋನಿನ ಹಿಡಿಕೆ ತಿರುಗಿಸಿದರೆ ಇಲ್ಲಿ ಆ ಮನೆಯ ಮುಚ್ಚಳ ಕಳಚಿ ಬೀಳುತ್ತಿತ್ತು.

ಟಕ್. ನಾಲ್ಕನೇ ಮುಚ್ಚಳ ಬೀಳುತ್ತದೆ.

"ಎದ್ಯಾ? ಮುಕ್ಕಾಲು ಟ್ಯಾಂಕ್ ಇದೆ. ಪರ್ವಾಗಿಲ್ಲ, ಇವತ್ತು ಸ್ನಾನ ಮಾಡ್ಬೋದು ನೀವು" ಎಂದು ಡಲ್ಸಿ ಮುಚ್ಚಳವನ್ನು ಬೆರಳಿನಿಂದ ಮೇಲೆತ್ತಿ ಕೂರಿಸುತ್ತಾರೆ. ಟಕ್, ಟಕ್. ಒಂಬತ್ತು, ಮೂವತ್ತೊಂದು. ಕರೆಯುತ್ತಿರುವುದು ಮನುಷ್ಯರಲ್ಲ, ನೀರಿನ ಟ್ಯಾಂಕುಗಳು. ಸುತ್ತಮುತ್ತಲ ಕುರಿ ಹೊಲಗಳಲ್ಲಿ ನಲವತ್ತಾರು ಟ್ಯಾಂಕುಗಳಿಗೆ ನಲವತ್ತಾರು ಬೋರ್ಡುಗಳನ್ನು ಡಲ್ಸಿ ಕೂರಿಸಿದ್ದಾರೆ. ಎರಡು ಬೆರಳಗಲದ ಎಲೆಕ್ಟ್ರಾನಿಕ್ ಬೋರ್ಡು, ಹವ್ಯಾಸದವರು ಆಟವಾಡಲು ಕೊಳ್ಳುವಂಥದ್ದು, ಬೆಲೆ ಬೇಕರಿಯ ಎರಡು ಮಾಂಸದ ಪೈಗಳಷ್ಟು. ಬೆಳಿಗ್ಗೆ ಐದೂಕಾಲಿಗೆ ಒಂದೊಂದು ಬೋರ್ಡೂ ತನ್ನ ಟ್ಯಾಂಕಿನ ನೀರು ಅಳೆದು, ಹತ್ತಿರದ ವೈಫೈ ಹಿಡಿದು, ಡಲ್ಸಿಯ ಮನೆಗೆ ಸುದ್ದಿ ಕಳಿಸುತ್ತದೆ. ಸುದ್ದಿ ಬಂದರೆ ಮುಚ್ಚಳ ಬೀಳುತ್ತದೆ. ಟ್ಯಾಂಕಿಗೆ ಕೊಟ್ಟಿರುವುದು ಆ ಮನೆಯ ಹಳೆಯ ಫೋನ್ ನಂಬರನ್ನೇ.

ಇಪ್ಪತ್ತು ನಿಮಿಷದಲ್ಲಿ ನಲವತ್ತೈದು ಮುಚ್ಚಳ ಬಿದ್ದು ಎದ್ದವು. ಹದಿನೇಳು ಬೀಳಲಿಲ್ಲ. ಡಲ್ಸಿಯ ಚಹಾ ತಣ್ಣಗಾಯಿತು. ಇಪ್ಪತ್ತೆರಡು ವರ್ಷದಿಂದ ಇದೇ ಊರಿನ ಧೂಳು ತಿನ್ನುತ್ತಿರುವ ನಾನು, ಡಲ್ಸಿ ಚಹಾ ತಣ್ಣಗಾಗಲು ಬಿಟ್ಟಿದ್ದನ್ನು ಈ ಭೂಮಿ ಹುಟ್ಟಿದಾಗಿನಿಂದ ಕಂಡಿಲ್ಲ.

ಹದಿನೇಳೆಂದರೆ ಟ್ರೆಲೋರ್ ಮನೆತನದ ದೂರದ ಹೊಲ. ಇಲ್ಲಿಂದ ಇಪ್ಪತ್ತೆಂಟು ಕಿಲೋಮೀಟರು. ಅಲ್ಲಿ ಕುರಿಯ ಉಣ್ಣೆ ಕತ್ತರಿಸುವವರಿಗೆಂದು ಕಟ್ಟಿದ ಖಾಲಿ ಬಿಡಾರ, ಒಂದು ಬೋರ್‌ವೆಲ್ಲು, ಒಂದು ಟ್ಯಾಂಕು, ಟ್ಯಾಂಕಿನಿಂದ ತುಂಬುವ ಒಂದು ತೊಟ್ಟಿ. ಆ ತೊಟ್ಟಿಯನ್ನು ನಂಬಿಕೊಂಡು ಆರು ಸಾವಿರ ಕುರಿಗಳು.

"ಆರುನೂರು" ಎಂದು ಡಲ್ಸಿ, ಲೇಖನಕ್ಕೆಂದು ನಾನು ಬರೆದುಕೊಳ್ಳುತ್ತಿರುವ ಪುಸ್ತಕದೊಳಗೆ ಇಣುಕಿ ತಿದ್ದುತ್ತಾರೆ. "ಆರು ಸಾವಿರ ಇದ್ದಿದ್ರೆ ಕೆವ್ ಆ ಟೋಪಿ ಹಾಕ್ಕೊಂಡು ತಿರುಗ್ತಿದ್ನಾ?"

ಟೋಪಿ ಹಾಕಿಕೊಂಡೇ ಕೆವ್ ಟ್ರೆಲೋರ್ ಅಂಗಳಕ್ಕೆ ಬರುತ್ತಾರೆ. ಐವತ್ತೆಂಟು ವರ್ಷ, ನೀಲಗಿರಿ ಮರದಷ್ಟು ಉದ್ದ, ಅದರಷ್ಟೇ ಸಿಪ್ಪೆ ಸುಲಿದ ಮೂಗು. ಟೋಪಿಯ ವಯಸ್ಸು ಅವರಿಗಿಂತ ಹೆಚ್ಚು.

"ಡಲ್, ನಮ್ದು ಬಿತ್ತಾ?"

"ಇಲ್ಲ ಚಿನ್ನಾ. ನಿನ್ನೆ ಸಂಜೆ ಧೂಳು ಬಿರುಗಾಳಿಗೆ ಕರೆಂಟ್ ಹೋಗಿ ಬಂತಲ್ಲ, ಆಗಿಂದ ಬಾಯಿ ಬಿಟ್ಟಿಲ್ಲ."

"ಮೂರು ವಾರದ ಹಿಂದೆ ತಾನೇ ನೀನು ಅದರ ಕೋಡ್ ಸರಿ ಮಾಡಿದ್ದು?"

"ಮಾಡಿದ್ದೆ" ಎನ್ನುತ್ತಾರೆ ಡಲ್ಸಿ. ದನಿ ಸಣ್ಣದು.

ಕೆವ್ ಆಕಾಶ ನೋಡುತ್ತಾರೆ. "ರೇಡಿಯೋದಲ್ಲಿ ಇವತ್ತು ನಲವತ್ತಾರು ಡಿಗ್ರಿ ಅಂದ. ನೀರಿಲ್ದೇ ಮೂಕವಾಗಿದ್ಯೋ, ನೀರಿದ್ದೂ ಮೂಕವಾಗಿದ್ಯೋ, ಹೇಗಮ್ಮಾ ಗೊತ್ತಾಗೋದು?"

"ಹೋಗಿ ನೋಡ್ಬೇಕು. ನಿಮ್ಮಪ್ಪನ ಕಾಲದ ಹಾಗೆ."

ಇಷ್ಟೇ ಈ ಬೆಳಗಿನ ವಿಷಯ. ನಲವತ್ತಾರು ಡಿಗ್ರಿಯಲ್ಲಿ ನೀರಿಲ್ಲದ ಕುರಿ ಸಂಜೆ ಕಾಣುವುದಿಲ್ಲ. ಮಾತಾಡಬೇಕಾದ ಬೋರ್ಡು ಮಾತಾಡುತ್ತಿಲ್ಲ, ಮತ್ತು ಅದಕ್ಕೆ ಮಾತು ಕಲಿಸಿದವರು ಡಲ್ಸಿ.

ಕೆವ್‌ರ ಯೂಟ್, ಎಂದರೆ ಹಿಂದೆ ಸಾಮಾನು ಹೇರುವ ಗಾಡಿಯ ಮುಂದಿನ ಸೀಟಿನಲ್ಲಿ ನಾವು ಮೂವರು, ನಮ್ಮ ಮೇಲೆ ಕುರಿ ಕಾಯುವ ಅವರ ಕೆಲ್ಪಿ ನಾಯಿ. ಡಲ್ಸಿಯ ತೊಡೆಯ ಮೇಲೆ ಬಿಸ್ಕತ್ತಿನ ಡಬ್ಬಿ. ಅದರೊಳಗೆ ಬಿಸ್ಕತ್ತು ಇಲ್ಲ. ಲ್ಯಾಪ್‌ಟಾಪಿನ ವೈರು, ಎರಡು ಬದಲಿ ಬೋರ್ಡು, ಇಕ್ಕಳ, ಅಂಟುಪಟ್ಟಿ, ಓದುವ ಕನ್ನಡಕ, ಓದುವ ಕನ್ನಡಕ ಹುಡುಕಲು ಇನ್ನೊಂದು ಕನ್ನಡಕ. ವಾರಕ್ಕೆ ಎರಡು ದಿನ ಡಲ್ಸಿ ಹೀಗೆ ಹೊರಡುತ್ತಾರೆ, ತಮ್ಮದೇ ಮೂವತ್ತು ವರ್ಷ ಹಳೆಯ ಪುಟ್ಟ ಕಾರಿನಲ್ಲಿ. ದಿನಕ್ಕೆ ನೂರೆಂಬತ್ತು ಕಿಲೋಮೀಟರು. ವಾರಕ್ಕೆ ಎರಡು ಮೂರು ಬೋರ್ಡು ಎಲ್ಲೋ ಮಾತು ನಿಲ್ಲಿಸುತ್ತವೆ. ಕಳೆದ ವರ್ಷ ನೂರ ನಲವತ್ತೊಂದು ಭೇಟಿ. ಅಡುಗೆಮನೆಯ ಗೋಡೆಯ ಮೇಲೆ ಪೆನ್ಸಿಲ್ಲಿನ ಗೀಟುಗಳಿವೆ. ಪ್ರತಿಫಲವಾಗಿ ಬರುವುದು ಏಪ್ರಿಕಾಟ್ ಜಾಮು. ನಮ್ಮ ಜಿಲ್ಲೆಯ ಏಪ್ರಿಕಾಟ್ ಮರಗಳೆಲ್ಲ ಡಲ್ಸಿಗಾಗಿಯೇ ಕಾಯಿ ಬಿಡುತ್ತವೆಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ.

"ಈ ಕೆಲಸಕ್ಕೆ ಬರೋಕೆ ಕಾರಣ ಈ ಬೆರಳು" ಎಂದು ಡಲ್ಸಿ ಬಲಗೈ ತೋರಿಸುತ್ತಾರೆ. ಗೆಣ್ಣುಗಳು ಶುಂಠಿಯಂತೆ ಊದಿವೆ. "ಟ್ಯಾಂಕ್‌ನಲ್ಲಿ ನೀರೆಷ್ಟಿದೆ ಅಂತ ಗೆಣ್ಣಲ್ಲಿ ತಟ್ಟಿ ನೋಡ್ತಿದ್ವಿ. ಮೇಲಿಂದ ಕೆಳಗೆ, ಡಬ್ ಡಬ್ ಡಬ್, ಎಲ್ಲಿ ದನಿ ಗಟ್ಟಿಯಾಗುತ್ತೋ ಅಲ್ಲಿ ನೀರು. ಸಂಧಿವಾತ ಬಂದ್ಮೇಲೆ ತಟ್ಟೋಕಾಗ್ಲಿಲ್ಲ. ನಾನು ತಟ್ಟೋ ಬದಲು ಟ್ಯಾಂಕೇ ನನ್ನ ಬಾಗಿಲು ತಟ್ಲಿ ಅಂದ್ಕೊಂಡೆ."

ಗ್ರಂಥಾಲಯದಲ್ಲಿ ಮಂಗಳವಾರದ ತರಗತಿಯೊಂದಿತ್ತು, ವಯಸ್ಸಾದವರಿಗೆ ಇಮೇಲ್ ಕಲಿಸುವುದು. ಎಲ್ಲರೂ ಮೊಮ್ಮಕ್ಕಳಿಗೆ ಹೂವಿನ ಚಿತ್ರ ಕಳಿಸಲು ಕಲಿಯುತ್ತಿದ್ದಾಗ ಡಲ್ಸಿ ಒಂದು ಹಳೆಯ ಎಲೆಕ್ಟ್ರಾನಿಕ್ಸ್ ಪತ್ರಿಕೆ ಹಿಡಿದು ಮೂಲೆಯಲ್ಲಿ ಕೂತರು. ಮೊದಲ ಬೋರ್ಡು ವೈಫೈ ಹಿಡಿಯಲು ಹತ್ತೊಂಬತ್ತು ದಿನ ತೆಗೆದುಕೊಂಡಿತಂತೆ. ಮೊದಲ ಐದು ದಿನ ಬರೀ ವೈರಿನ ತಪ್ಪು. ಚಾರ್ಜ್ ಮಾತ್ರ ಹರಿಸುವ, ಮಾತು ಹರಿಸದ ವೈರು. ಆಮೇಲೆ ಒಂದು ವಾರ ರೂಟರಿನ ತಪ್ಪು. ರೂಟರು ಎರಡು ತರಂಗಗಳಲ್ಲಿ, ಎರಡು ದನಿಯಲ್ಲಿ ಹಾಡುತ್ತಿತ್ತು, ಬೋರ್ಡಿಗೆ ಕೇಳಿಸುವುದು ತಗ್ಗಿನ ದನಿ ಒಂದೇ. ಕೊನೆಯ ವಾರ ತಗಡಿನ ತಪ್ಪು. ಟ್ಯಾಂಕಿನ ಮುಚ್ಚಳದೊಳಗೆ ಬೋರ್ಡು ಕೂರಿಸಿದರೆ ತಗಡು ಸಿಗ್ನಲನ್ನು ನುಂಗುತ್ತಿತ್ತು. ಆಗಿನಿಂದ ನಮ್ಮೂರಿನ ಬೋರ್ಡುಗಳೆಲ್ಲ ಐಸ್‌ಕ್ರೀಮಿನ ಪ್ಲಾಸ್ಟಿಕ್ ಡಬ್ಬಿಯಲ್ಲಿ ವಾಸವಾಗಿವೆ. ಇಷ್ಟು ಐಸ್‌ಕ್ರೀಮು ಖಾಲಿ ಮಾಡಿದ ಊರು ಭೂಮಂಡಲದಲ್ಲಿ ಇನ್ನೊಂದಿಲ್ಲ.

"ಹತ್ತೊಂಬತ್ತು ದಿನ ತಲೆ ಕೆಡ್ಲಿಲ್ವಾ?" ಎಂದು ಕೇಳಿದೆ.

"ಯಾಕೆ ಕೆಡುತ್ತೆ? ಹತ್ತೊಂಬತ್ತು ವರ್ಷ ಅದೇ ತಾನೇ ಮಾಡಿದ್ದು ನಾನು. ಆ ತುದೀಲಿ ಒಬ್ರು, ಈ ತುದೀಲಿ ಒಬ್ರು, ಮಧ್ಯ ಏನೋ ಕೈಕೊಟ್ಟಿದೆ. ಏನು ಅಂತ ಹುಡುಕೋದು. ಸಾಮಾನ್ಯವಾಗಿ ಒಂದು ಮ್ಯಾಗ್‌ಪೈ ಹಕ್ಕಿ ಗೂಡು ಕಟ್ಟಿರುತ್ತೆ."

ಹದಿನಾರನೇ ವಯಸ್ಸಿಗೆ ಡಲ್ಸಿ ಅಂಚೆ ಕಚೇರಿಯ ಮುಂದಿನ ಕೋಣೆಯ ಈ ಸ್ವಿಚ್‌ಬೋರ್ಡಿನ ಮುಂದೆ ಕೂತರು. ಕಿವಿಗೆ ಹೆಡ್‌ಫೋನು, ಬಾಯಿಗೆ ಮೈಕು, ಎರಡೂ ಕೈಗೆ ಕರೆ ಜೋಡಿಸುವ ಹುರಿಗಳು. ಯಾರ ಫೋನಿಗೆ ಯಾವ ಗಂಟೆ ಎಂದು ಬಾಯಿಪಾಠ. ಒಂದು ಮನೆಗೆ ಬಾರಿಸಿದರೆ ಅದೇ ಸಾಲಿನ ನಾಲ್ಕೈದು ಮನೆಗೂ ಗಂಟೆ ಕೇಳುತ್ತಿದ್ದ ಕಾಲ. ಉದ್ದ, ಉದ್ದ ಬಾರಿಸಿದರೆ ಹಾಕಿನ್ಸ್ ಮನೆ. ಉದ್ದ, ಚಿಕ್ಕ, ಚಿಕ್ಕ ಬಾರಿಸಿದರೆ ಟ್ರೆಲೋರ್ ಮನೆ. ಹೆರಿಗೆ, ಸಾವು, ಬೆಂಕಿ, ಕ್ರಿಕೆಟ್ಟಿನ ಸ್ಕೋರು, ಎಲ್ಲವೂ ಆ ಹುರಿಗಳಲ್ಲಿ ಹರಿಯುತ್ತಿತ್ತು. ಊರಿನ ಗುಟ್ಟುಗಳೆಲ್ಲ ಡಲ್ಸಿಗೆ ಗೊತ್ತು ಎಂದು ಇವತ್ತಿಗೂ ಊರು ನಂಬುತ್ತದೆ. ಡಲ್ಸಿ ಒಪ್ಪುವುದಿಲ್ಲ. ಆ ಬೋರ್ಡು ಮುಚ್ಚಿದ ದಿನ, ತಾನಾಗಿ ಕರೆ ಜೋಡಿಸುವ ಯಂತ್ರ ಬಂದ ದಿನ, ಐವತ್ತು ಮನೆಗಳೂ ಒಟ್ಟಿಗೆ ಹಿಡಿಕೆ ತಿರುಗಿಸಿದವು. ಐವತ್ತು ಮುಚ್ಚಳಗಳೂ ಒಟ್ಟಿಗೆ ಬಿದ್ದವು. "ಮಳೆ ಬಂದ ಹಾಗಾಯ್ತು" ಎನ್ನುತ್ತಾರೆ ಡಲ್ಸಿ. "ಯಾರಿಗೆ ಮೊದಲು ಉತ್ತರ ಕೊಡ್ಲಿ ಅಂತ ಗೊತ್ತಾಗ್ದೆ ಅತ್ತುಬಿಟ್ಟೆ." ಪೆಟ್ಟಿಗೆ ಗುಜರಿಗೆ ಹೋಗಿ, ಅಲ್ಲಿಂದ ಯಾರದೋ ಕೋಳಿಗೂಡಿಗೆ ಹೋಗಿ, ಮೂವತ್ತು ವರ್ಷ ಕೋಳಿಗಳಿಗೆ ಕೂರುವ ಮೆಟ್ಟಿಲಾಗಿತ್ತು. ಡಲ್ಸಿ ಅದನ್ನು ತಂದು, ತೊಳೆದು, ಮತ್ತೆ ಜೀವ ಕೊಟ್ಟರು. ಮೂರನೇ ಸಾಲಿನಲ್ಲಿ ಈಗಲೂ ಕೋಳಿಯ ವಾಸನೆಯಿದೆ.

ಆರೂವರೆಗೆ ಹೊಲ ಮುಟ್ಟುತ್ತೇವೆ. ಮೊದಲು ಕಾಣುವುದು ಕುರಿಗಳು. ಹಿಂಡೆಲ್ಲ ತೊಟ್ಟಿಯ ಸುತ್ತ ಒತ್ತಿಕೊಂಡು ನಿಂತಿದೆ, ಒಂದೂ ಅರಚುತ್ತಿಲ್ಲ. ಅರಚದ ಕುರಿಗಳನ್ನು ನೋಡಿ ಕೆವ್ ಬಾಗಿಲು ತೆರೆದಿಟ್ಟೇ ಓಡುತ್ತಾರೆ. ತೊಟ್ಟಿಯ ತಳದಲ್ಲಿ ಕೆಸರು. ಕೆವ್ ಟ್ಯಾಂಕಿಗೆ ತಟ್ಟುತ್ತಾರೆ. ಮೇಲೆ ಟೊಳ್ಳು, ನಡುವೆ ಟೊಳ್ಳು, ಮೊಣಕಾಲಿನ ಹತ್ತಿರ ಟೊಳ್ಳು. ಪಾದದ ಹತ್ತಿರ ಮಾತ್ರ, ಒಂದು ಗೇಣು, ದನಿ ಗಟ್ಟಿಯಾಗುತ್ತದೆ.

ಬೋರ್‌ವೆಲ್ಲಿನ ಪಂಪೇನೋ ಓಡುತ್ತಿದೆ. ನೀರು ಎಲ್ಲಿ ಹೋಗುತ್ತಿದೆಯೆಂದು ಕೆಲ್ಪಿ ನಾಯಿ ತೋರಿಸುತ್ತದೆ. ಟ್ಯಾಂಕಿಗೆ ಬರುವ ಕೊಳವೆಯ ಕೀಲು ಬಿರಿದು, ಮರಳಿನ ಮೇಲೆ ಒಂದು ಕೊಳ. ನಾಯಿ ಆಗಲೇ ಅದರಲ್ಲಿ ಮಲಗಿದೆ.

"ಇನ್ನು ಎರಡು ಗಂಟೆ ತಡವಾಗಿದ್ರೆ..." ಎಂದು ಕೆವ್ ಅರ್ಧಕ್ಕೆ ನಿಲ್ಲಿಸುತ್ತಾರೆ. ಯೂಟಿನ ಹಿಂದಿನಿಂದ ಹಳೆಯ ಟ್ಯೂಬಿನ ರಬ್ಬರು, ತಂತಿ, ಇಕ್ಕಳ ಎತ್ತಿಕೊಂಡು ಕೊಳವೆಯ ಹತ್ತಿರ ಮಂಡಿಯೂರುತ್ತಾರೆ. ತಂತಿ ಮತ್ತು ಟ್ಯೂಬು ಇದ್ದರೆ ನಮ್ಮೂರಿನವರು ಚಂದ್ರನನ್ನೂ ಭೂಮಿಗೆ ಬಿಗಿದು ಕಟ್ಟಬಲ್ಲರು.

ಡಲ್ಸಿ ಬಿಡಾರದ ಗೋಡೆಯ ಐಸ್‌ಕ್ರೀಮ್ ಡಬ್ಬಿಯ ಹತ್ತಿರ ಹೋಗುತ್ತಾರೆ. ಒಳಗೆ ಬೋರ್ಡಿನ ನೀಲಿ ದೀಪ ಮಿಟುಕದೆ, ಸತ್ತ ಮೀನಿನ ಕಣ್ಣಿನಂತೆ ಉರಿಯುತ್ತಿದೆ. ಕರೆಂಟಿದೆ. ಬಿಡಾರದೊಳಗಿನ ರೂಟರಿನ ದೀಪಗಳೂ ಸರಿಯಾಗಿವೆ. ಡಲ್ಸಿಯ ಫೋನಿಗೆ ವೈಫೈ ಸಿಗುತ್ತಿದೆ. ಎರಡೂ ತುದಿ ಎಚ್ಚರವಾಗಿವೆ, ನಡುವೆ ಮಾತಿಲ್ಲ. ಮ್ಯಾಗ್‌ಪೈ ಗೂಡೂ ಇಲ್ಲ. ಯೂಟಿನ ಮುಂಭಾಗದ ಮೇಲೆ ಲ್ಯಾಪ್‌ಟಾಪಿಟ್ಟು, ವೈರು ಚುಚ್ಚುತ್ತಾರೆ. ಬೋರ್ಡು ಒಮ್ಮೆ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ. ಎರಡು ಸೆಕೆಂಡು. ನೀಲಿ ದೀಪ ಮಿಟುಕುತ್ತದೆ, ಒಮ್ಮೆ ಉದ್ದ, ಎರಡು ಸಲ ಚಿಕ್ಕ. ವೈಫೈ ಸಿಕ್ಕಿತು ಎಂಬುದಕ್ಕೆ ಡಲ್ಸಿ ಇಟ್ಟಿರುವ ಗುರುತು. ಯಾವ ಮನೆಯ ಟ್ಯಾಂಕೋ ಆ ಮನೆಯ ಹಳೆಯ ಗಂಟೆಯೇ ಅಲ್ಲಿಯ ದೀಪಕ್ಕೆ.

"ಬಂತಾ?" ಕೊಳವೆಯ ಹತ್ತಿರದಿಂದ ಕೆವ್ ಕೂಗು.

"ಬಂತು."

"ಹಾಗಾದ್ರೆ ಸರಿಹೋಯ್ತಲ್ಲ! ಮುಚ್ಚು ಡಬ್ಬೀನ."

"ಸರಿಹೋಗಿಲ್ಲ" ಎನ್ನುತ್ತಾರೆ ಡಲ್ಸಿ. "ನಮ್ಮನ್ನ ನೋಡಿ ನಾಟಕ ಆಡ್ತಿದೆ. ತಾನಾಗೇ ಸರಿಹೋದದ್ದು ತಾನಾಗೇ ಕೆಡುತ್ತೆ." ಕನ್ನಡಕದಿಂದ ಕನ್ನಡಕ ಹುಡುಕಿ, ಮೂಗಿಗೇರಿಸಿ, ಕೋಡು ಓದಲು ಶುರುಮಾಡುತ್ತಾರೆ. ಬೆರಳು ಪರದೆಯ ಮೇಲೆ ಸಾಲು ಸಾಲಾಗಿ ಇಳಿಯುತ್ತದೆ. ಒಂದು ಕಡೆ ನಿಲ್ಲುತ್ತದೆ.

ನಮ್ಮೂರಿನ ನೊಣಗಳು, ಒಂದೊಂದೂ ದ್ರಾಕ್ಷಿಯಷ್ಟು ದಪ್ಪ, ಅವರ ಕೆನ್ನೆಯ ಮೇಲೆ ಕೂತರೂ ಓಡಿಸುವುದಿಲ್ಲ.

"ಇದು ನಾನೇ ಬರೆದದ್ದು" ಎನ್ನುತ್ತಾರೆ ಕೊನೆಗೆ.

ಆಗಿದ್ದಿಷ್ಟು. ಮೂರು ವಾರದ ಹಿಂದೆ ಕೆವ್ ಒಂದು ದೂರು ತಂದಿದ್ದರು. ಈ ಬೋರ್ಡಿನ ಕೆಲಸ ಎರಡು, ಪಂಪು ಓಡಿಸುವುದು ಮತ್ತು ಸುದ್ದಿ ಕಳಿಸುವುದು. ಕರೆಂಟು ಹೋಗಿ ಬಂದರೆ ಬೋರ್ಡು ಕಣ್ಣು ಮಿಟುಕಿಸುವಷ್ಟರಲ್ಲಿ ಎಚ್ಚರವಾಗುತ್ತದೆ. ಆದರೆ ಚಾವಣಿಯ ಇಂಟರ್ನೆಟ್ ಡಿಶ್ ತಟ್ಟೆ ಆಕಾಶದಲ್ಲಿ ತನ್ನ ಉಪಗ್ರಹ ಹುಡುಕಿ, ರೂಟರು ಮೈಮುರಿದು ಏಳಲು ಐದಾರು ನಿಮಿಷ. ಅಷ್ಟು ಹೊತ್ತೂ ಬೋರ್ಡು ವೈಫೈಗಾಗಿ ಕಾಯುತ್ತ ಕೂರುತ್ತಿತ್ತು, ಪಂಪು ಶುರುಮಾಡುತ್ತಿರಲಿಲ್ಲ. "ಮೊದ್ಲು ಪಂಪು, ಆಮೇಲೆ ಹರಟೆ. ಅವಸರ ಮಾಡೋಕೆ ಹೇಳು ಅದಕ್ಕೆ" ಎಂದಿದ್ದರು ಕೆವ್. ಡಲ್ಸಿ ಒಂದು ಸಾಲು ಸೇರಿಸಿದರು. ಒಂದು ನಿಮಿಷ ಕರೆ, ಉತ್ತರವಿಲ್ಲದಿದ್ದರೆ ಬಿಡು, ಪಂಪಿಗೆ ಹೋಗು. ಬಿಟ್ಟ ಮೇಲೆ ಮತ್ತೆ ಕರೆಯಬೇಕೆಂದು ಬರೆಯಲಿಲ್ಲ. ಮನೆಯ ಮೇಜಿನ ಮೇಲೆ ಪರೀಕ್ಷಿಸಿದರು. ಅಲ್ಲಿ ರೂಟರು ಸದಾ ಎಚ್ಚರ, ತಕ್ಷಣ ಸಿಕ್ಕಿತು. ಮೂರು ವಾರ ಕರೆಂಟು ಹೋಗಲಿಲ್ಲ, ತಪ್ಪು ಅಡಗಿ ಕೂತಿತ್ತು. ನಿನ್ನೆ ಸಂಜೆ ಕರೆಂಟು ಹೋಗಿ ಬಂದಾಗ ಬೋರ್ಡು ಒಂದು ನಿಮಿಷ ಕರೆದು, ಕೈಬಿಟ್ಟು, ಪಂಪು ಶುರುಮಾಡಿ, ಸುಮ್ಮನಾಯಿತು. ಪಂಪು ನೀರನ್ನು ಮರಳಿಗೆ ಸುರಿಯುತ್ತಿದ್ದುದನ್ನು ಯಾರಿಗೂ ಹೇಳಲಿಲ್ಲ.

ಕೆವ್ ಕೈ ಒರೆಸಿಕೊಳ್ಳುತ್ತ ಬರುತ್ತಾರೆ. ಕೊಳವೆ ಬಿಗಿಯಾಗಿದೆ, ಟ್ಯಾಂಕಿಗೆ ನೀರು ಬೀಳುವ ಸದ್ದು ಕೇಳುತ್ತಿದೆ, ತೊಟ್ಟಿಯಲ್ಲಿ ಹಿಂಡು ತಲೆಯಿಕ್ಕಿದೆ.

"ನಾನು ಅವಸರ ಮಾಡಿದ್ದಕ್ಕೆ ಆಗಿದ್ದು" ಎನ್ನುತ್ತಾರೆ.

"ನೀನು ಕೇಳ್ದೆ. ಬರೆದ ಕೈ ನಂದು." ಡಲ್ಸಿ ಕನ್ನಡಕ ತೆಗೆಯುತ್ತಾರೆ. "ಅದೂ ನಿಮ್ಮ ಮನೆ ಲೈನಿಗೆ. ನಿಮ್ಮ ಮನೆ ಲೈನಿಗೇ!"

ಕೆವ್ ಟೋಪಿ ತೆಗೆಯುತ್ತಾರೆ. ಆ ಟೋಪಿಯ ಕೆಳಗೆ ತಲೆಯಿದೆಯೆಂದು ನನಗೆ ಗೊತ್ತಾದದ್ದು ಆಗಲೇ. ಟ್ರೆಲೋರ್ ಮನೆಯ ಲೈನೆಂದರೆ ಏನೆಂದು ಊರಿಗೆಲ್ಲ ಗೊತ್ತು, ಕೆವ್‌ಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ.

ಸಾವಿರದೊಂಬೈನೂರ ಎಪ್ಪತ್ತೊಂದರ ಚಳಿಗಾಲ. ಕೆವ್‌ರ ಅಪ್ಪ ಕುದುರೆಯಿಂದ ಬಿದ್ದು ದೂರದ ಬಂದರು ಪಟ್ಟಣದ ಆಸ್ಪತ್ರೆಯಲ್ಲಿದ್ದರು. ಶಸ್ತ್ರಚಿಕಿತ್ಸೆಗೆ ಒಯ್ಯುವ ಮೊದಲು ಹೆಂಡತಿ ಊನಾ ಜೊತೆ ಮಾತಾಡಬೇಕೆಂದು ಕೇಳಿದರು. ಕರೆ ಪಟ್ಟಣದ ಆಪರೇಟರಿನ ಮೂಲಕ ನಮ್ಮೂರಿನ ಸ್ವಿಚ್‌ಬೋರ್ಡಿಗೆ ಬಂತು. ಡಲ್ಸಿಗೆ ಆಗ ಇಪ್ಪತ್ಮೂರು. ಹದಿನೇಳಕ್ಕೆ ಹುರಿ ಚುಚ್ಚಿ ಬಾರಿಸಿದರು, ಉದ್ದ, ಚಿಕ್ಕ, ಚಿಕ್ಕ. ಯಾರೂ ಎತ್ತಲಿಲ್ಲ. ನಿಯಮವಿತ್ತು. ಒಂದು ನಿಮಿಷ ಬಾರಿಸು, ಎತ್ತದಿದ್ದರೆ "ಉತ್ತರವಿಲ್ಲ" ಎಂದು ಹುರಿ ಕೀಳು.

"ಪಟ್ಟಣದವಳು 'ಕತ್ತರಿಸ್ಲಾ?' ಅಂದ್ಲು. 'ಬೇಡ, ಬರ್ತಿದಾಳೆ' ಅಂದೆ. ನಂಗೇನು ಕಾಣಿಸ್ತಿತ್ತಾ? ಆದ್ರೆ ಗೊತ್ತಿತ್ತು. ಆ ಹೊತ್ತಿಗೆ ಊನಾ ಕೊಟ್ಟಿಗೇಲಿ ಹಾಲು ಕರೀತಿರ್ತಾಳೆ. ಸೊಂಟ ಸರಿ ಇಲ್ಲ, ನಿಧಾನ. ಎರಡು ಗೇಟ್ ತೆಗೀಬೇಕು, ಮುಚ್ಬೇಕು. ಮುಚ್ಚದೇ ಬರೋಳಲ್ಲ. ಬಾಗಿಲಲ್ಲಿ ಬೂಟ್ ಬಿಚ್ತಾಳೆ. ಬಿಚ್ಚದೇ ಒಳಗೆ ಕಾಲಿಡೋಳಲ್ಲ, ಮನೆಗೆ ಬೆಂಕಿ ಬಿದ್ರೂ. ಇಷ್ಟಕ್ಕೆಲ್ಲ ಟೈಮ್ ಬೇಡ್ವಾ?"

ಪಟ್ಟಣದವಳು ಬೈದಳು, ಮೇಲಿನವರಿಗೆ ಹೇಳುತ್ತೇನೆಂದಳು. ಡಲ್ಸಿ ಬಾರಿಸುತ್ತಲೇ ಇದ್ದರು. ಎಡಗೈಯಲ್ಲಿ ಹದಿನೇಳಕ್ಕೆ ಗಂಟೆ, ಬಲಗೈಯಲ್ಲಿ ಮಿಕ್ಕವರ ಹುರಿಗಳು. ಹನ್ನೊಂದು ನಿಮಿಷ. ಊನಾ ಫೋನೆತ್ತಿದರು. ಗಂಡ ಹೆಂಡತಿ ಮಾತಾಡಿದರು. ಶಸ್ತ್ರಚಿಕಿತ್ಸೆಯಿಂದ ಕೆವ್‌ರ ಅಪ್ಪ ಏಳಲಿಲ್ಲ.

"ಅಪ್ಪ ಏನಂದ ಅಂತ ಅಮ್ಮ ಸಾಯೋವರೆಗೂ ಹೇಳ್ಲಿಲ್ಲ" ಎನ್ನುತ್ತಾರೆ ಕೆವ್. ಆಗ ಅವರಿಗೆ ಐದು ವರ್ಷ. "ಡಲ್, ನೀನು ಕೇಳಿಸ್ಕೊಂಡಿರ್ತೀಯ. ಈಗಾದ್ರೂ ಹೇಳು."

"ಹೆಡ್‌ಫೋನ್ ಕಿವಿಯಿಂದ ತೆಗೆದಿಟ್ಟಿದ್ದೆ ಕಣೋ. ನಿಂಗೆ ಸಾವಿರ ಸಲ ಹೇಳಿದೀನಿ."

"ಸಾವಿರ ಸಲಾನೂ ನಂಬಿಲ್ಲ."

"ನಂಬ್ಬೇಡ. ಆ ಕರೆಂಟಿನ ದೊಡ್ಡ ಸ್ವಿಚ್ ಹತ್ರ ಹೋಗಿ ನಿಂತ್ಕೋ."

ಡಲ್ಸಿ ಬರೆಯುತ್ತಾರೆ. ಸೂರ್ಯ ಈಗ ಬಂದಿದ್ದಾನೆ, ಯೂಟಿನ ಮುಂಭಾಗದ ಮೇಲೆ ಮೊಟ್ಟೆ ಒಡೆದರೆ ಬೆಂದು, ಮರಿಯಾಗಿ, ಓಡಿಹೋಗುವಷ್ಟು ಕಾವು. ನಾನು ನನ್ನ ಟೋಪಿಯನ್ನು ಲ್ಯಾಪ್‌ಟಾಪಿನ ಪರದೆಗೆ ನೆರಳಾಗಿ ಹಿಡಿದು ನಿಂತಿದ್ದೇನೆ. ಬರೆಯುವುದೇನೂ ದೊಡ್ಡದಲ್ಲ, ಹದಿನಾಲ್ಕು ಸಾಲು. ಎದ್ದ ತಕ್ಷಣ ಪಂಪು ನೋಡು. ಅದರ ಪಾಡಿಗೆ ಅದು ಓಡಲಿ. ಈ ಕಡೆ ವೈಫೈ ಕರೆ. ಒಂದು ನಿಮಿಷ ಕಾದು ಮತ್ತೆ ಕರೆ. ಸಿಗುವ ತನಕ ಕರೆಯುತ್ತಲೇ ಇರು, ಬಿಡಬೇಡ. ಎಡಗೈಗೆ ಒಂದು ಕೆಲಸ, ಬಲಗೈಗೆ ಒಂದು ಕೆಲಸ.

"ಇದು ಮೊದ್ಲೇ ಗೊತ್ತಿತ್ತು ನಂಗೆ" ಎಂದು ಡಲ್ಸಿ ನನಗಲ್ಲ, ಪರದೆಗೆ ಹೇಳುತ್ತಾರೆ. "ಗೊತ್ತಿದ್ದದ್ದೇ ಮರೆತೋಗೋದು."

ಹೊಸ ಕೋಡು ಬೋರ್ಡಿಗಿಳಿಯುತ್ತದೆ. ಡಲ್ಸಿ ಕೈ ಬೀಸುತ್ತಾರೆ. ಕೆವ್ ದೊಡ್ಡ ಸ್ವಿಚ್ಚು ಇಳಿಸುತ್ತಾರೆ. ಪಂಪು ನಿಲ್ಲುತ್ತದೆ, ರೂಟರಿನ ದೀಪಗಳು ಆರುತ್ತವೆ, ಹೊಲಕ್ಕೆಲ್ಲ ಒಮ್ಮೆಲೇ ಮೌನ. ಹತ್ತು ಎಣಿಸಿ ಸ್ವಿಚ್ಚು ಎತ್ತುತ್ತಾರೆ. ಪಂಪು ತಕ್ಷಣ ಗುಡುಗುತ್ತದೆ. ಕೆವ್ ಹಲ್ಲು ಕಿರಿಯುತ್ತಾರೆ. ಹೊಸ ಕೋಡಿನಲ್ಲಿ ವೈಫೈ ಸಿಗುವ ತನಕ ನೀಲಿ ದೀಪ ಉರಿಯುವುದಿಲ್ಲ, ಅದು ಮಾತ್ರ ಕತ್ತಲು.

ಮೂವರೂ ಬಿಡಾರದ ಮೆಟ್ಟಿಲ ಮೇಲೆ, ಮುಂಗೈಯಗಲದ ನೆರಳಿನಲ್ಲಿ ಕೂರುತ್ತೇವೆ.

"ಬಂತಾ?" ಕೆವ್ ಕೇಳುತ್ತಾರೆ, ಅರ್ಧ ನಿಮಿಷಕ್ಕೆ.

"ಈಗಷ್ಟೇ ಗಂಟೆ ಕೇಳಿಸ್ಕೊಂಡ್ಲು. ಹಾಲಿನ ಬಕೆಟ್ ಕೆಳಗಿಡ್ತಿದಾಳೆ."

ಕೆವ್ ಡಲ್ಸಿಯ ಮುಖ ನೋಡುತ್ತಾರೆ. ಆಮೇಲೆ ಅರ್ಥವಾಗುತ್ತದೆ. ತಲೆ ತಗ್ಗಿಸಿ ನಗುತ್ತಾರೆ.

ಒಂದು ನಿಮಿಷ. ಮೂರು ವಾರ ಹಳೆಯ ಕೋಡು ಕೈಬಿಟ್ಟ ಹೊತ್ತು ಇದೇ. ದೀಪ ಕತ್ತಲು.

"ಹಸೂಗೆ ಏನೋ ಹೇಳಿ ಬಂದ್ಲು. ಮೊದಲ್ನೇ ಗೇಟ್."

"ಆ ಗೇಟ್ ಕೊಂಡಿ ಸಿಕ್ಕಾಕ್ಕೊಳ್ಳುತ್ತೆ" ಎನ್ನುತ್ತಾರೆ ಕೆವ್. "ಎತ್ತಿ ಎಳೀಬೇಕು."

"ಹೂಂ. ಎತ್ತಿ ಎಳೆದ್ಲು. ಮುಚ್ಚಿದ್ಲು."

ಮೂರು ನಿಮಿಷ. ಕುರಿಗಳು ನೀರು ಕುಡಿಯುವ ಸದ್ದು. ನಾಯಿ ಮರಳಿನ ಕೊಳದಿಂದೆದ್ದು ಬಂದು ನನ್ನ ಪುಸ್ತಕದ ಮೇಲೆ ಮೈ ಕೊಡವುತ್ತದೆ. ನಾಲ್ಕು ನಿಮಿಷ. "ಎರಡ್ನೇ ಗೇಟ್." ಯಾರೂ ಗಡಿಯಾರ ನೋಡುತ್ತಿಲ್ಲ, ನಾನೊಬ್ಬನೇ ಕದ್ದು ನೋಡುತ್ತಿದ್ದೇನೆ. ತಾಳಿದವನು ಬಾಳಿಯಾನು ಎಂಬ ಗಾದೆ ಕಟ್ಟಿದವನು ಈ ಮೆಟ್ಟಿಲ ಮೇಲೆ ಕೂತಿದ್ದರೆ ನಾಲ್ಕನೇ ನಿಮಿಷಕ್ಕೆ ಗಾದೆ ಹಿಂತೆಗೆದುಕೊಂಡು ಓಡಿಹೋಗುತ್ತಿದ್ದ.

"ಅಂಗಳದಲ್ಲಿ ಕೋಳಿ ಅಡ್ಡ ಬಂತು."

"ನಾನೂ ಅಡ್ಡ ಬಂದಿರ್ತೀನಿ" ಎನ್ನುತ್ತಾರೆ ಕೆವ್. "ಸೊಂಟಕ್ಕೆ ಎತ್ಕೊಂಡ್ಲು. ಈಗ ಇನ್ನೂ ನಿಧಾನ."

"ನಿಂದೇ ತಪ್ಪು ಹಾಗಾದ್ರೆ. ಬಾಗಿಲಿಗೆ ಬಂದ್ಲು. ಬೂಟ್ ಬಿಚ್ತಿದಾಳೆ. ಎಡಗಾಲು..."

ಡಬ್ಬಿಯೊಳಗೆ ನೀಲಿ ದೀಪ ಹೊತ್ತಿಕೊಳ್ಳುತ್ತದೆ. ಉದ್ದ, ಚಿಕ್ಕ, ಚಿಕ್ಕ.

ಐವತ್ತೆಂಟು ವರ್ಷದ ಕೆವ್ ಟ್ರೆಲೋರ್ ಮೆಟ್ಟಿಲಿನಿಂದ ಅರ್ಧ ಎದ್ದು, ಹಿಂದಿನ ಬಾಗಿಲಿನತ್ತ ತಿರುಗುತ್ತಾರೆ, ಒಳಗೆ ಫೋನು ಬಾರಿಸಿದಂತೆ, ಎತ್ತಲು ಹೊರಟಂತೆ. ಆ ಬಿಡಾರದಲ್ಲಿ ಎಂದೂ ಫೋನಿರಲಿಲ್ಲ. ಮತ್ತೆ ಕೂರುತ್ತಾರೆ. ಟೋಪಿ ಮುಖದ ಮೇಲೆ ಎಳೆದುಕೊಳ್ಳುತ್ತಾರೆ. ನನ್ನ ಗಡಿಯಾರದಲ್ಲಿ ಆರು ನಿಮಿಷ, ಹತ್ತು ಸೆಕೆಂಡು.

"ಊನಾ ಇವತ್ತು ಬೇಗ ಬಂದ್ಲು" ಎನ್ನುತ್ತಾರೆ ಡಲ್ಸಿ.

ಊರಿಗೆ ಮರಳುವ ದಾರಿಯಲ್ಲಿ ಕುರಿಮಾಂಸದ ತಣ್ಣನೆ ಸ್ಯಾಂಡ್‌ವಿಚ್ಚು, ಟೊಮೆಟೊ ಸಾಸು. ಡಲ್ಸಿ ಮನೆಗೆ ಬಂದವರೇ ಕೂರುವುದಿಲ್ಲ. ಮಿಕ್ಕ ನಲವತ್ತೈದು ಬೋರ್ಡುಗಳ ಕೋಡನ್ನು ಒಂದೊಂದಾಗಿ ತೆರೆದು, ಆ ಸಾಲು ಇನ್ನೆಲ್ಲಿಯಾದರೂ ಇದೆಯೇ ಎಂದು ನೋಡುತ್ತಾರೆ. ಎಲ್ಲಿಯೂ ಇಲ್ಲ. ಆದರೂ ಇನ್ನೊಮ್ಮೆ ನೋಡುತ್ತಾರೆ.

ಮರುದಿನ ಬೆಳಗಿನ ಐದೂಕಾಲು. ಅದೇ ಜಗಲಿ, ಅದೇ ಸೆಖೆ. ಹಿಂದಿನ ಸಂಜೆ ಮತ್ತೆ ಧೂಳೆದ್ದು ಕರೆಂಟು ಎರಡು ಸಲ ಹೋಗಿ ಬಂದಿದೆ. ನಾಲ್ಕು ಬೀಳುತ್ತದೆ, ಒಂಬತ್ತು, ಮೂವತ್ತೊಂದು. ಡಲ್ಸಿ ಚಹಾ ಕುಡಿಯುತ್ತಿಲ್ಲ. ನಾನು ಉಸಿರಾಡುತ್ತಿಲ್ಲ. ಒಂದೂವರೆ ಗಂಟೆ ಉಸಿರು ಹಿಡಿದು ಕೂತಿದ್ದೆ ಎಂದು ಬರೆಯಲು ಹೊರಟಿದ್ದೆ, ಅಷ್ಟರಲ್ಲಿ, ಟಕ್.

ಹದಿನೇಳು. ಟ್ಯಾಂಕು ತುಂಬಿದೆ.

ಡಲ್ಸಿ ಊದಿದ ಬೆರಳಿನಿಂದ ಆ ಮುಚ್ಚಳವನ್ನು ಮೆಲ್ಲಗೆ ಎತ್ತಿ ಕೂರಿಸುತ್ತಾರೆ. ಆಸೆ ಏನಾದರೂ ಇದೆಯೇ ಎಂದು ಕೇಳುತ್ತೇನೆ. ಇಂಥ ಲೇಖನಗಳಲ್ಲಿ ಕೇಳಲೇಬೇಕಲ್ಲ.

"ಆಸೆನಾ? ನಲವತ್ತಾರೂ ಬೀಳ್ಲಿ. ಬಿದ್ದದ್ದನ್ನ ಎತ್ತೋಕೆ ಈ ಬೆರಳು ಬಗ್ಲಿ. ಸಾಕು." ತಣ್ಣಗಾಗದ ಚಹಾವನ್ನು ಒಂದು ಗುಟುಕು ಕುಡಿಯುತ್ತಾರೆ. ಆಮೇಲೆ ನನ್ನ ಪುಸ್ತಕದ ಮೇಲೆ ಬೆರಳಿಡುತ್ತಾರೆ. "ಇಲ್ಲಿ ಬರ್ಕೋ. ಡಲ್ಸಿ ನೋಸ್ಕೆ ಇಷ್ಟು ವರ್ಷದಲ್ಲಿ ಒಂದೇ ಒಂದು ಸಲ, ಆ ಕಡೆಯವರು ಬರೋ ಮುಂಚೆ ಲೈನ್ ಬಿಟ್ಲು. ಅದನ್ನ ದೊಡ್ಡದು ಮಾಡ್ಬೇಡ. ಚಿಕ್ಕದೂ ಮಾಡ್ಬೇಡ. ಒಂದು ಅಂದ್ರೆ ಒಂದೇ."